ಸಬ್ಸಿಡಿ ನಮ್ ಕಡೆಗೂ ಐತೆ, ಕಂಪನಿಗಳು ಮಾತ್ರ ತುಮಕೂರಿಗೆ ಹೋಗ್ತಾವೆ. ಹರಿಹರದಲ್ಲಿ ಶೆಡ್ ಹಾಕೋದಾ ಬ್ಯಾಡ್ವಾ?

ಹರಿಹರ_ಸಿಎನ್‌ಸಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಹರಿಹರದವನು, ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಈಗ ಬೆಂಗಳೂರು ಪೀಣ್ಯದಲ್ಲಿ ಒಂದು ಜಾಬ್ ಶಾಪ್‌ನಲ್ಲಿ (ಬೇರೆಯವರ ಆರ್ಡರ್‌ಗೆ ಪಾರ್ಟ್ ಮಾಡಿಕೊಡೋ ವರ್ಕ್‌ಶಾಪು) ಸಿಎನ್‌ಸಿ ಸೆಟ್ಟರ್ ಆಗಿದೀನಿ, ಅಂದ್ರೆ ಕಂಪ್ಯೂಟರಲ್ಲಿ ಓಡೋ ಮಷಿನ್ ಸೆಟ್ ಮಾಡೋನು. ನಾನೂ ನನ್ ಫ್ರೆಂಡೂ ಸೇರಿ ಸ್ವಂತಕ್ಕೆ ಎರಡು ಮಷಿನ್ ಹಾಕೋಣ ಅಂತಿದೀವಿ, ಒಂದು ಟರ್ನಿಂಗ್ ಸೆಂಟರ್ (ಸಿಎನ್‌ಸಿ ಲೇತ್), ಒಂದು ವಿಎಂಸಿ (ಮಿಲ್ಲಿಂಗ್ ಡ್ರಿಲ್ಲಿಂಗ್ ಮಾಡೋ ಮಷಿನ್), ಎರಡೂ ಸೆಕೆಂಡ್ಸ್, ಅಂದ್ರೆ ಸೆಕೆಂಡ್ ಹ್ಯಾಂಡ್. ಫ್ರೆಂಡ್ ತುಮಕೂರು ವಸಂತನರಸಾಪುರದ ಕಡೆ ಶೆಡ್ ಬಾಡಿಗೆಗೆ ತಗೊಳ್ಳೋಣ ಅಂತಾನೆ, ನಂಗೆ ಊರಲ್ಲೇ ಮಾಡೋ ಆಸೆ. ಮನೇಲಿ ಅಪ್ಪ ಅಮ್ಮ ಇಬ್ರೇ ಇದಾರೆ, ಬಾಡಿಗೆ ಕಮ್ಮಿ, ಹುಡುಗ್ರೂ ಸಿಗ್ತಾರೆ.

ಇದನ್ನ ಯೋಚನೆ ಮಾಡ್ತಾ ಸರ್ಕಾರದ ಇಂಡಸ್ಟ್ರಿಯಲ್ ಪಾಲಿಸಿ ಓದೋಕೆ ಕೂತೆ, 2025-30ರದ್ದು. 20 ಲಕ್ಷ ಉದ್ಯೋಗ, 7.5 ಲಕ್ಷ ಕೋಟಿ ಬಂಡವಾಳ ಅಂತ ಗುರಿ ಹಾಕ್ಕೊಂಡಿದಾರೆ. ರಾಜ್ಯನ ಜೋನ್ ಜೋನ್ ಆಗಿ ವಿಂಗಡಿಸಿದಾರೆ, ಬೆಂಗಳೂರಿಂದ ಆಚೆ ಹೋದ್ರೆ ಜಾಸ್ತಿ ಸಬ್ಸಿಡಿ ಅಂತಾರೆ. 'ಬಿಯಾಂಡ್ ಬೆಂಗಳೂರು' ಅಂತ ಬೇರೆ ಎಷ್ಟು ವರ್ಷದಿಂದ ಕೇಳ್ತಿದೀವಿ. ಇಷ್ಟೆಲ್ಲಾ ಇದ್ರೂ ದಾವಣಗೆರೆ ದುರ್ಗದ ಕಡೆ ಹೆಸರು ಹೇಳೋ ಅಂಥಾ ಒಂದು ಹೊಸ ಫ್ಯಾಕ್ಟರಿ ಯಾಕೆ ಕಾಣಲ್ಲ? ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಬಂತು, ತುಮಕೂರು ಇಂಡಸ್ಟ್ರಿಯಲ್ ಕಾರಿಡಾರ್‌ನ ನೋಡ್ (ಫ್ಯಾಕ್ಟರಿಗಳು ಸೇರೋ ಕೇಂದ್ರ) ಆಯ್ತು, ಆ ಕಡೆ ಧಾರವಾಡಕ್ಕೂ ಒಂದು ನೋಡ್ ಅಂದ್ರು. ಹೈವೇ ನಮ್ ಬಾಗಿಲಲ್ಲೇ ಹೋಗುತ್ತೆ, ನದಿ ಐತೆ, ಕಾಲೇಜು ಐತೆ, ಆದ್ರೂ ನಡುವೆ ಇರೋರು ಲಾರಿ ಹೋಗೋದು ನೋಡ್ಕೊಂಡು ಕೂತಿರಬೇಕಾ.

ರಾಜಕೀಯ ಬೈಯೋದು ಬ್ಯಾಡ ದಯವಿಟ್ಟು, ಅದಕ್ಕೆ ಬೇರೆ ಗ್ರೂಪ್ ಅದಾವೆ. ಈ ಪಾಲಿಸಿ ಅನ್ನೋದು ನಮ್ಮಂಥ ಸಣ್ಣೋರಿಗೆ ನಿಜವಾಗ್ಲೂ ಕೆಲಸಕ್ಕೆ ಬರುತ್ತಾ, ಊರಲ್ಲಿ ಹಾಕಿದ್ರೆ ಬದುಕ್ತೀವಾ, ಇಷ್ಟು ಗೊತ್ತಿರೋರು ಹೇಳಿ.

---

ಕರೂರ್_ಫ್ಯಾಬ್ರಿಕೇಟರ್:

ತಮ್ಮಾ, ಸಬ್ಸಿಡಿ ನೋಡಿ ಶೆಡ್ ಹಾಕಬ್ಯಾಡ. ನಾನು ದಾವಣಗೆರೆಯ ಕರೂರಿನಾಗ ಬಾಳ ವರ್ಷದಿಂದ ಫ್ಯಾಬ್ರಿಕೇಶನ್ ಮಷಿನಿಂಗ್ ಮಾಡ್ಕೊಂಡು ಬಂದೀನಿ, ರೈಸ್ ಮಿಲ್ ಎಲಿವೇಟರ್, ಮೆಕ್ಕೆಜೋಳ ಒಕ್ಕೋ ಮಷಿನ್ ಪಾರ್ಟು, ಟ್ರೇಲರ್, ಯಾವ್ದು ಬರ್ತತಿ ಅದು. ಸಬ್ಸಿಡಿ ಅನ್ನೋದು ಬಂಡವಾಳ ಹಾಕಿದ ಮ್ಯಾಲೆ, ಬ್ಯಾಂಕು ಲೋನ್ ಕೊಟ್ಟ ಮ್ಯಾಲೆ, ಡಿಐಸಿಗೆ (ಜಿಲ್ಲಾ ಕೈಗಾರಿಕಾ ಕೇಂದ್ರ) ಫೈಲ್ ಹೋಗಿ ಕಮಿಟಿಯಾಗ ಪಾಸಾಗಿ ಬಜೆಟ್ ರಿಲೀಸ್ ಆದ ಮ್ಯಾಲೆ ಬರೋದು. ಅಷ್ಟೊತ್ತಿಗೆ ನೀನು ಬದುಕಿರಬೇಕಲ್ಲ. ನಿನ್ನ ಬದುಕ್ಸೋದು ಆರ್ಡರ್ರು ಮತ್ತ ಪೇಮೆಂಟು, ಇವೆರಡೇ.

ಇಲ್ಲಿ ನಿಜವಾದ ತೊಂದ್ರಿ ಏನಂದ್ರ ಹೇಳ್ತೀನಿ ಕೇಳು. ಒಂದು ಶಾಫ್ಟ್ ಟರ್ನ್ ಮಾಡ್ತೀನಿ ಅನ್ಕೋ. ಟರ್ನಿಂಗ್ ಇಲ್ಲೇ ಆತು. ಕೀ-ವೇ ಇಲ್ಲೇ ಆತು. ಆಮ್ಯಾಲೆ ನನ್ ಗಿರಾಕಿ ಕೇಳೋ ಥರ ಇಂಡಕ್ಷನ್ ಹಾರ್ಡನಿಂಗ್ (ಕರೆಂಟಿನಾಗ ಮೇಲ್ಮೈ ಕಾಸಿ ಗಟ್ಟಿ ಮಾಡೋದು, ಹೀಟ್ ಟ್ರೀಟ್‌ಮೆಂಟಿನಾಗ ಒಂದು ಥರ) ಮಾಡ್ಸಬೇಕು ಅಂದ್ರ ನಾನು ಪೀಣ್ಯಕ್ಕ ಕಳಸ್ತೀನಿ. ಗೋಣಿ ಚೀಲದಾಗ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ, ಬೆಳಗ್ಗೆ ಅಲ್ಲಿ ಹುಡುಗ ಇಳಸ್ಕೊಂಡು ಕೊಟ್ಟು, ಅವರು ತಮ್ಮ ಲೋಕಲ್ ಗಿರಾಕಿದೆಲ್ಲಾ ಮುಗಿಸಿ ನಂದು ಮಷಿನ್ನಿಗೆ ಹಾಕಿ, ವಾಪಸ್ ಬಂದು ನೋಡಿದ್ರ ಒಂದೆರಡು ಬೆಂಡ್ ಆಗಿರ್ತಾವು. ಮತ್ತ ಗ್ರೈಂಡಿಂಗು. ಕಡೀಗೆ ಟೆಸ್ಟ್ ಸರ್ಟಿಫಿಕೇಟ್ ಬೇಕು ಅಂತಾರ, ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಂದೇ ಆಗಬೇಕು ಅಂತಾರ, ಅದಕ್ಕ ಇನ್ನೊಂದು ಸಲ ಬಸ್ಸು. ಪೀಣ್ಯದವನು ಇದೇ ಕೆಲಸ ಬೈಕಿನಾಗ ಇಟ್ಕೊಂಡು ಎರಡು ಕ್ರಾಸ್ ದಾಟಿ ಮುಗಿಸ್ತಾನ. ನನ್ ಬಾಡಿಗಿ ಅವನ ಬಾಡಿಗಿಗಿಂತ ಎಷ್ಟು ಕಮ್ಮಿ ಇದ್ರೂ ಡೆಲಿವರಿ ತಡ ಆಗಿ ಹೋತು, ಅದಕ್ಕ ಯಾವ ಜೋನ್ ಸಬ್ಸಿಡಿನೂ ಇಲ್ಲ.

ಇನ್ನ ಪೇಮೆಂಟ್. ಸಣ್ಣ ಉದ್ದಿಮೆಗಳಿಗೆ ಅಂತ ಎಂಎಸ್‌ಎಂಇ ಕಾಯ್ದೆ 2006ರಾಗೇ ಬಂದತಿ, 45 ದಿನದಾಗ ಕೊಡಬೇಕು ಅಂತ ಅದರಾಗೇ ಐತಿ. ಈಗ ಇನ್‌ಕಮ್ ಟ್ಯಾಕ್ಸಿನಾಗೂ ತಿದ್ದುಪಡಿ ಮಾಡ್ಯಾರ, ಸಣ್ಣೋರಿಗೆ ಟೈಮಿಗೆ ದುಡ್ಡು ಕೊಡ್ಲಿಲ್ಲ ಅಂದ್ರ ಆ ಖರ್ಚು ಆ ವರ್ಷ ತೋರ್ಸಂಗಿಲ್ಲ ಅಂತ. ಅದು ಬಂದ ಮ್ಯಾಲೆ ನನ್ ಒಬ್ಬ ದೊಡ್ಡ ಗಿರಾಕಿ ಏನ್ ಮಾಡಿದ ಗೊತ್ತಾ, 'ಉದ್ಯಮ್ ನಂಬರ್ ಇಲ್ದೋರ ಹತ್ರ ತಗೋತೀನಿ ಬಿಡ್ರಿ' ಅಂದ, ಅಂದ್ರ ಸಣ್ಣ ಉದ್ದಿಮೆ ಅಂತ ನೋಂದಣಿ ಮಾಡ್ಸದೇ ಇರೋರ ಹತ್ರ. ಕಂಪ್ಲೇಂಟ್ ಮಾಡಬೌದು, ಆದ್ರ ಮುಂದಿನ ಆರ್ಡರ್ ಯಾರ್ ಕೊಡ್ತಾರ.

ಪಾಲಿಸಿ ಬರಿಯೋರು ಇಂಥಾವು ಬರಿಬೇಕು ನೋಡು. ಒಂದು ಹೀಟ್ ಟ್ರೀಟ್‌ಮೆಂಟ್, ಒಂದು ಪ್ಲೇಟಿಂಗ್, ಒಂದು ಟೆಸ್ಟಿಂಗ್ ಲ್ಯಾಬ್, ಎಲ್ರೂ ಉಪಯೋಗಿಸೋ ಹಂಗ.

---

ಅರ್ಥಶಾಸ್ತ್ರದ_ಮೇಷ್ಟ್ರು:

ಕರೂರಿನ ಸಾಹೇಬ್ರು ಹೇಳಿದ್ದು ಪುಸ್ತಕದಲ್ಲಿರೋ ವಿಷಯಾನೇ, ಅವರು ಅನುಭವದಿಂದ ಹೇಳಿದ್ರು ಅಷ್ಟೇ. ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋನು, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದ್ರೆ ಬಿಟ್ಟು ಮುಂದಕ್ಕೆ ಹೋಗಿ.

ಒಂದೇ ಕಸುಬಿನವರು ಒಂದೇ ಕಡೆ ಸೇರೋದು ಯಾಕೆ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದ. ಕಾರಣ ಮೂರು. ಕಸುಬು ಗೊತ್ತಿರೋ ಕೆಲಸಗಾರರು ಸಿಗ್ತಾರೆ, ಬಿಡಿ ಸಾಮಾನು ಮಾಡಿಕೊಡೋ ಸಣ್ಣೋರು ಪಕ್ಕದಲ್ಲೇ ಇರ್ತಾರೆ, ಒಬ್ಬರ ಉಪಾಯ ಇನ್ನೊಬ್ಬರಿಗೆ ಬೇಗ ಗೊತ್ತಾಗುತ್ತೆ. ನಮ್ಮ ದಾವಣಗೆರೆ ಮಂಡಿಪೇಟೆಯಲ್ಲಿ ಒಂದೇ ಮಾಲಿನ ಅಂಗಡಿ ಸಾಲಾಗಿ ಇರೋದೂ ಇದಕ್ಕೇ, ಪಕ್ಕದವನು ಪೈಪೋಟಿ ಅಂತ ಯಾರೂ ಬೇರೆ ಬೀದಿಗೆ ಹೋಗಲ್ಲ, ಗಿರಾಕಿ ಬರೋದೇ ಆ ಬೀದಿಗೆ. ಕೈಗಾರಿಕೆ ಪಾಲಿಸಿ ಇದನ್ನ ಸಬ್ಸಿಡಿಯಿಂದ ತಿರುಗಿಸೋಕೆ ನೋಡುತ್ತೆ, ಅಂದ್ರೆ ದೂರ ಇರೋ ಊರಿನ ನಷ್ಟವನ್ನ ದುಡ್ಡು ಕೊಟ್ಟು ತುಂಬೋದು.

ಅದು ಕೆಲಸ ಮಾಡಲ್ಲ ಅಂತ ಹೇಳೋಕಾಗಲ್ಲ. 2003ರಲ್ಲಿ ಉತ್ತರಾಖಂಡ ಮತ್ತು ಹಿಮಾಚಲಕ್ಕೆ ಕೇಂದ್ರ ಸರ್ಕಾರ ಎಕ್ಸೈಸ್ ಡ್ಯೂಟಿ 10 ವರ್ಷ ಮಾಫಿ ಮಾಡ್ತು, ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಬೇರೆ. ಫ್ಯಾಕ್ಟರಿಗಳು ನಿಜವಾಗ್ಲೂ ಬಂದ್ವು, ಕೆಲಸಾನೂ ಬಂತು, ಅದರ ಮೇಲೆ ಸಂಶೋಧನೆ ಮಾಡಿದವರೂ ಹಾಗೇ ಹೇಳ್ತಾರೆ. ಆದ್ರೆ ಎಲ್ಲಿಗೆ ಬಂದ್ವು ನೋಡಿ. ಬದ್ದಿ, ಹರಿದ್ವಾರ, ಪಂತ್‌ನಗರ. ಮೂರೂ ಬೆಟ್ಟದ ಕೆಳಗೆ, ಬಯಲಿನ ಅಂಚಲ್ಲಿ, ದೆಹಲಿ ಚಂಡೀಗಢದಿಂದ ಲಾರಿ ಸಲೀಸಾಗಿ ಹೋಗೋ ಜಾಗ. ಯಾವ ಗುಡ್ಡಗಾಡಿನ ಜಿಲ್ಲೆಗಳ ಕಷ್ಟ ತೋರಿಸಿ ವಿನಾಯಿತಿ ತಗೊಂಡ್ರೋ ಅಲ್ಲಿಗೆ ಹೆಚ್ಚು ಯಾರೂ ಹತ್ತಲಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಪ್ರಾದೇಶಿಕ ಅಸಮತೋಲನ ನೋಡೋಕೆ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಮಾಡ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಹೊಸದುರ್ಗ, ಚನ್ನಗಿರಿ ಆ 39ರಲ್ಲಿವೆ. ತುಮಕೂರು ಜಿಲ್ಲೆಯ ಕುಣಿಗಲ್, ಗುಬ್ಬಿ, ಶಿರಾ, ಮಧುಗಿರಿ, ಪಾವಗಡಾನೂ ಅದೇ 39ರಲ್ಲಿವೆ. ಆಮೇಲೆ 2020-25ರ ಪಾಲಿಸಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆ ಮಾತ್ರ ಸಬ್ಸಿಡಿ ಕಮ್ಮಿ ಇರೋ ಜೋನ್ 3, ಉಳಿದ ರಾಜ್ಯ ಎಲ್ಲಾ ಜೋನ್ 1 ಅಥವಾ 2. ನೀವೇ ಕಂಪನಿ ಮಾಲೀಕರಾಗಿ ಯೋಚನೆ ಮಾಡಿ, ಬೆಂಗಳೂರಿಂದ 70 ಕಿಲೋಮೀಟರ್ ಇರೋ ತುಮಕೂರಿಗೂ ಸಬ್ಸಿಡಿ ಸಿಗುತ್ತೆ, 260 ಕಿಲೋಮೀಟರ್ ಇರೋ ದಾವಣಗೆರೆಗೂ ಹೆಚ್ಚು ಕಡಿಮೆ ಅದೇ ಸಿಗುತ್ತೆ ಅಂದ್ರೆ ಮ್ಯಾನೇಜರ್‌ನ ಮಗುವಿನ ಸ್ಕೂಲು ಬದಲಾಯಿಸದೇ ಎಲ್ಲಿ ಫ್ಯಾಕ್ಟರಿ ಹಾಕಬಹುದೋ ಅಲ್ಲೇ ಹಾಕ್ತೀರಿ. ತುಮಕೂರಿಗೆ ಹೋಗಿದ್ದು ಪಾಲಿಸಿ ಸೋತಿದ್ದಕ್ಕಲ್ಲ, ಪಾಲಿಸಿ ಬರೆದಿರೋ ರೀತಿಗೆ ಅದು ಅಲ್ಲಿಗೇ ಹೋಗಬೇಕು. ದೂರಕ್ಕೆ ತಕ್ಕಂತೆ ಸಬ್ಸಿಡಿ ಏರಬೇಕು, ಅದನ್ನ ಯಾರೂ ಗಟ್ಟಿಯಾಗಿ ಕೇಳ್ತಿಲ್ಲ.

ಹರಿಹರದ ವಿಷಯಕ್ಕೆ ಒಂದು ಮಾತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1941ರಲ್ಲಿ, ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗ ಈ ಊರು ದೇಶಕ್ಕೇ ಲೇತ್ ಕೊಡ್ತು, ಎಂಟರ್‌ಪ್ರೈಸ್ ಲೇತ್ ಹಳೇ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ಓಡ್ತಿದೆ. ಬೆಂಗಳೂರಿನ ಎಚ್‌ಎಂಟಿ ಶುರುವಾಗಿದ್ದೇ 1953ರಲ್ಲಿ. ಅಂದ್ರೆ ಬೆಂಗಳೂರಿಗಿಂತ ಮೊದಲೇ ಮಷಿನ್ ಟೂಲ್ ಕಸುಬು ತುಂಗಭದ್ರೆ ದಡದಲ್ಲಿತ್ತು. ಆ ಕಾರ್ಖಾನೆ ಮುಚ್ಚಿದ ಮೇಲೆ ಕಸುಬು ಗೊತ್ತಿದ್ದವರು ಎಲ್ಲೆಲ್ಲಿಗೋ ಹೋದ್ರು. ಒಂದು ದೊಡ್ಡ ಕಾರ್ಖಾನೆ, ಅದರ ಸುತ್ತ ಅದೊಂದನ್ನೇ ನಂಬಿದ ಊರು, ಬೇರೆ ಗಿರಾಕಿ ಹುಡುಕೋ ಅಭ್ಯಾಸ ಇಲ್ಲ. ಬೆಳಗಾವಿ ನೋಡಿ, ಅಲ್ಲಿ ಫೌಂಡ್ರಿಗಳು ನೂರಾರು, ಒಂದು ಮುಚ್ಚಿದ್ರೆ ಇನ್ನೊಂದು ಇರುತ್ತೆ.

---

ಚಳ್ಳಕೆರೆ_ಬಯಲು:

ಮೇಷ್ಟ್ರೇ ದಾವಣಗೆರೆ ಹರಿಹರ ಅಷ್ಟೇ ಹೇಳಿ ದುರ್ಗದ ಜಿಲ್ಲೆ ಬಿಟ್ ಬಿಟ್ರಿ. ನಮ್ ಚಳ್ಳಕೆರೆಗೆ ಬನ್ನಿ, ಪಾಲಿಸಿ ಅಂದ್ರೇನು ಅಂತ ಎರಡು ಸಲ ತೋರ್ಸಿದಾರೆ.

ಒಂದು, ಎಣ್ಣೆ ಮಿಲ್ಲು. ಶೇಂಗಾ ಎಣ್ಣೆಗೆ ಚಳ್ಳಕೆರೆ ಅಂದ್ರೆ ಮುಂಬೈ ಬಿಟ್ರೆ ಇದೇ ಅಂತ ಹೇಳ್ಕೊಳ್ತಿದ್ವಿ, ಊರೊಳಗೆ ಕಾಲಿಟ್ರೆ ಹಿಂಡಿ ವಾಸನೆ. 1986ರಲ್ಲಿ ಎಣ್ಣೆಕಾಳು ಮಿಷನ್ ಅಂತ ಮಾಡಿದ್ರು, ಬೆಳೆನೂ ಜಾಸ್ತಿ ಆಯ್ತು. 90ರ ದಶಕದಲ್ಲಿ ಸುಂಕ ಇಳಿಸಿ ತಾಳೆ ಎಣ್ಣೆ ಆಮದು ಸಲೀಸು ಮಾಡಿದ್ರು. ಹಡಗಲ್ಲಿ ಬಂದ ಎಣ್ಣೆ ಮುಂದೆ ನಮ್ ಶೇಂಗಾ ಎಣ್ಣೆ ರೇಟು ಎಲ್ಲಿ ನಿಲ್ಲುತ್ತೆ, ಮಳೆ ಬೇರೆ ಕೈ ಕೊಡ್ತು, ಒಂದೊಂದೇ ಮಿಲ್ಲಿಗೆ ಬೀಗ ಬಿತ್ತು. ಆಮದು ಸುಂಕನ ಯಾರೂ ಚಳ್ಳಕೆರೆ ಪಾಲಿಸಿ ಅಂತ ಕರಿಯಲ್ಲ, ಆದ್ರೆ ನಮ್ಮೂರಿಗೆ ಅದಕ್ಕಿಂತ ದೊಡ್ಡ ಕೈಗಾರಿಕಾ ಪಾಲಿಸಿ ಯಾವ್ದೂ ಬಂದಿಲ್ಲ. ಈಗ ಶೇಂಗಾ ಪ್ರಾಡಕ್ಟ್ ಮಾಡೋ ಸಣ್ಣೋರಿಗೆ ಸಬ್ಸಿಡಿ ಅಂತಾರೆ. ಸುಂಕದಲ್ಲಿ ಕಿತ್ಕೊಂಡಿದ್ದನ್ನ ಚಿಕ್ಕಿ ಮಾಡೋ ಮಷಿನ್ನಲ್ಲಿ ವಾಪಸ್ ಕೊಡ್ತಾರಂತೆ.

ಎರಡು, ಸೈನ್ಸ್ ಸಿಟಿ. ಅಮೃತ್ ಮಹಲ್ ಕಾವಲು, ಅಂದ್ರೆ ದನ ಕುರಿ ಮೇಯೋ ಹುಲ್ಲುಗಾವಲು, ಸುಮಾರು 8000 ಎಕರೆ ಕೊಟ್ರು, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4290, ಅಣು ಸಂಶೋಧನೆಯ ಬಾರ್ಕ್‌ಗೆ 1810, ಐಐಎಸ್‌ಸಿಗೆ 1500, ಇಸ್ರೋಗೆ 573. ಡಿಆರ್‌ಡಿಒ ವಿಮಾನ ಪರೀಕ್ಷೆ ಮಾಡೋ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರಲ್ಲಿ ಉದ್ಘಾಟನೆ ಆಯ್ತು. ಇಸ್ರೋ ರೆಕ್ಕೆ ರಾಕೆಟ್, ಅದೇ ಪುಷ್ಪಕ್, ಹೆಲಿಕಾಪ್ಟರಿಂದ ಬಿಟ್ಟು ತಾನೇ ಇಳಿಸಿದ್ರಲ್ಲ 2023 ಏಪ್ರಿಲ್‌ನಲ್ಲಿ, ಆಮೇಲೆ 2024ರಲ್ಲಿ ಎರಡು ಸಲ, ಎಲ್ಲಾ ನಮ್ ಕುದಾಪುರದ ಹತ್ರಾನೇ. ಹೆಮ್ಮೆ ಐತೆ, ಇಲ್ಲ ಅನ್ನಲ್ಲ. ಟಿವಿಲಿ ಚಳ್ಳಕೆರೆ ಅಂತ ಬಂದಾಗ ನಾವೂ ಸ್ಟೇಟಸ್ ಹಾಕಿದೀವಿ. ಆದ್ರೆ ಕಾಂಪೌಂಡ್ ಗೋಡೆ ಆ ಕಡೆ ವಿಮಾನ, ಈ ಕಡೆ ಕುರಿ. ಆ ಹುಲ್ಲುಗಾವಲಲ್ಲಿ ಮೇಯ್ತಿದ್ದ ಕುರಿ ಉಣ್ಣೇಲಿ ಕಂಬಳಿ ನೇಯೋರು ಈ ಕಡೆ ಊರೂರಿಗೂ ಇದ್ರು. ಕಂಬಳಿ ಅಂದ್ರೂ ಒಂದು ಕೈಗಾರಿಕೆನೇ ಅಲ್ವಾ ಸ್ವಾಮಿ, ಕುರಿ ಸಾಕೋರು, ಉಣ್ಣೆ ಕತ್ತರಿಸೋರು, ನೂಲೋ ಹೆಂಗಸ್ರು, ಹುಣಸೆ ಬೀಜದ ಗಂಜಿ ಹಾಕಿ ನೇಯೋರು, ಸಂತೆಗೆ ಒಯ್ಯೋರು. ಜಮೀನು ಕೊಡುವಾಗ ಅದು 'ಖಾಲಿ ಜಾಗ' ಅಂತ ಲೆಕ್ಕಕ್ಕೆ ಬಂತು. ಹಸಿರು ಪೀಠದವರೆಗೂ ಕೇಸು ಹೋಯ್ತು.

ಸಂಶೋಧನೆ ಸಂಸ್ಥೆ ಬಂದ ಕೂಡ್ಲೇ ಸುತ್ತಲ ಊರು ಬೆಳೆಯುತ್ತೆ ಅಂತ ಹೇಳೋರು ಒಂದು ಸಲ ಬಂದು ನೋಡ್ಲಿ. ಬೆಳೆದಿದ್ದು ಸೈಟ್ ರೇಟು.

---

ವೈಟ್‌ಫೀಲ್ಡ್_ದುರ್ಗದವ:

ಯಾರಿಗೂ ಬೇಜಾರಾಗಬಾರದು, ನಾನೂ ದುರ್ಗದ ಹೊಳಲ್ಕೆರೆ ಕಡೆಯವನೇ. ಆದ್ರೆ ಈ ಎಲ್ಲಾ ಜಿಲ್ಲೆಗೂ ಕೈಗಾರಿಕೆ ಬೇಕು ಅನ್ನೋದೇ ತಪ್ಪು ಲೆಕ್ಕ ಅನ್ಸುತ್ತೆ. ರಾಜ್ಯದ ಜಿಡಿಪಿಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದೇ ಕೊಡುತ್ತೆ. ಅಲ್ಲಿ ಒಂದು ರೂಪಾಯಿ ಹಾಕಿದ್ರೆ ಬರೋದು ಇಲ್ಲಿ ಹಾಕಿದ್ರೆ ಬರಲ್ಲ. ಎನ್ರಿಕೊ ಮೊರೆಟ್ಟಿ ಅನ್ನೋ ಎಕನಾಮಿಸ್ಟ್ ಅಮೆರಿಕದ ನಗರಗಳ ಲೆಕ್ಕ ಹಾಕಿ, ಒಂದು ಹೈಟೆಕ್ ಕೆಲಸಕ್ಕೆ ಅದೇ ಊರಲ್ಲಿ ಇನ್ನೂ 5 ಕೆಲಸ ಹುಟ್ಟುತ್ತೆ ಅಂದಿದಾನೆ, ಹೋಟ್ಲು, ಡ್ರೈವರ್ರು, ಡಾಕ್ಟರ್ರು, ಟೀಚರ್ರು. ನಮ್ ಹುಡುಗ್ರು ಬೆಂಗಳೂರಿಗೆ ಬರಲಿ, ದುಡಿಲಿ, ಊರಿಗೆ ದುಡ್ಡು ಕಳಿಸಲಿ, ಮನೆ ಕಟ್ಟಲಿ. ಜನಕ್ಕೆ ಸಹಾಯ ಮಾಡಿ, ಜಾಗಕ್ಕೆ ಯಾಕೆ. ಅದೇ ಸಬ್ಸಿಡಿ ದುಡ್ಡಲ್ಲಿ ತುಮಕೂರು ದಾವಣಗೆರೆ ರೈಲು ಮಾರ್ಗ ಮುಗಿಸಿ, ಅದು 2011-12ರಲ್ಲೇ ಮಂಜೂರಾಗಿದ್ದು, ರಾಜ್ಯ ಅರ್ಧ ದುಡ್ಡು ಹಾಕ್ತೀನಿ ಅಂದಿದ್ದು. ಇವತ್ತಿಗೂ ರೈಲಲ್ಲಿ ಬರಬೇಕಂದ್ರೆ ಅರಸೀಕೆರೆ ಬೀರೂರು ಸುತ್ತಿ ಬರ್ಬೇಕು. ಭೂಸ್ವಾಧೀನ ಅಂತ ಕೇಳಿ ಕೇಳಿ ಕಿವಿ ತೂತಾಗಿದೆ.

---

ಅರ್ಥಶಾಸ್ತ್ರದ_ಮೇಷ್ಟ್ರು:

ದುರ್ಗದವರೇ, ರೈಲಿನ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿದೆ. ಮೊರೆಟ್ಟಿ ಲೆಕ್ಕ ಮಾತ್ರ ಚಳ್ಳಕೆರೆಯವರ ಮಾತಿನ ಪಕ್ಕ ಇಟ್ಟು ನೋಡಿ. ಆ 5 ಕೆಲಸ ಹುಟ್ಟೋದು ಸಂಬಳ ಆ ಊರಲ್ಲೇ ಖರ್ಚಾದ್ರೆ. ಟೆಸ್ಟ್ ಇದ್ದಾಗ ಬಂದು ಮುಗಿಸ್ಕೊಂಡು ಹೋಗೋ ಜಾಗದಲ್ಲಿ ಹೋಟ್ಲೂ ಹುಟ್ಟಲ್ಲ, ಸ್ಕೂಲೂ ಹುಟ್ಟಲ್ಲ. ಸಾಮಾನು ಕೊಳ್ಳೋದೂ ಬೇರೆ ಊರಿಂದ ಆದ್ರೆ ಮುಗೀತು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇಕಡಾ 25 ಸಣ್ಣ ಉದ್ದಿಮೆಗಳಿಂದ ತಗೋಬೇಕು ಅಂತ ನಿಯಮ ಇದೆ, ಆದ್ರೆ ಆ ಸಣ್ಣ ಉದ್ದಿಮೆ ಎಲ್ಲಿಯದು ಅಂತ ಯಾರೂ ಕೇಳಲ್ಲ, ಪೀಣ್ಯದ ಸಣ್ಣವರೂ ಸಣ್ಣವರೇ. ಜಮೀನು ಕೊಟ್ಟ ಜಿಲ್ಲೆಯಿಂದ ಇಷ್ಟು ಖರೀದಿ ಅಂತ ಒಂದು ಷರತ್ತು ಜಮೀನಿನ ಜೊತೆಗೇ ಬರೆಸಿಕೊಂಡಿದ್ರೆ ಕಥೆ ಬೇರೆ ಇರ್ತಿತ್ತೇನೋ.

'ಜನಕ್ಕೆ ಸಹಾಯ, ಜಾಗಕ್ಕಲ್ಲ' ಅನ್ನೋದು ಹಳೇ ವಾದ. ಬೆಂಗಳೂರಿಗೆ ಹೋದ ಹುಡುಗನ ಸಂಬಳದಲ್ಲಿ ಅರ್ಧ ಪಿಜಿಗೂ ಟ್ರಾಫಿಕ್ಕಿಗೂ ಹೋದ್ರೆ ಉಳಿದ ಸಹಾಯ ಎಷ್ಟು? ಮತ್ತೆ ದಾವಣಗೆರೆಯಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಮೂರು ತಲೆಮಾರು ಇಂಜಿನಿಯರ್‌ಗಳನ್ನ ಓದಿಸಿ ಹೊರಗೆ ಕಳಿಸಿದ ಊರು ಇದು, ಆ ಓದಿನ ಖರ್ಚು ಇಲ್ಲಿಂದು, ಲಾಭ ಅಲ್ಲಿಂದು. ಅದೂ ಒಂಥರಾ ಸಬ್ಸಿಡಿನೇ, ಸಣ್ಣ ಊರು ದೊಡ್ಡ ಊರಿಗೆ ಕೊಡೋದು.

ಚಳ್ಳಕೆರೆಯವರು ಹೇಳಿದ ಸುಂಕದ ಮಾತು ಬಹಳ ಮುಖ್ಯ. ಗಣಿ ಇದ್ದ ಬಿಹಾರದ ಕಥೆನೂ ಅದೇ. 50ರ ದಶಕದಿಂದ 90ರ ಶುರುವಿನವರೆಗೆ ಉಕ್ಕಿಗೆ ದೇಶದಲ್ಲಿ ಎಲ್ಲಾ ಕಡೆ ಒಂದೇ ರೇಟು ಬರೋ ಹಾಗೆ ಸಾಗಣೆ ಖರ್ಚು ಸರಿದೂಗಿಸ್ತಿದ್ರು, ಗಣಿ ಪಕ್ಕದಲ್ಲಿದ್ದವರ ಅನುಕೂಲಾನೇ ಹೋಯ್ತು.

ಯುರೋಪಿನವರು 2014ರಿಂದ ಒಂದು ಶರತ್ತು ಹಾಕಿದ್ರು, ಪ್ರತಿ ಪ್ರದೇಶ ತನ್ನಲ್ಲಿ ಆಗಲೇ ಇರೋ ಕಸುಬು ಯಾವುದು, ಅದನ್ನ ಯಾವ ಪಕ್ಕದ ಕಸುಬಿಗೆ ಒಯ್ಯಬಹುದು ಅಂತ ಅಲ್ಲಿನ ಉದ್ದಿಮೆಯವರು, ಕಾಲೇಜಿನವರು ಕೂತು ಗುರುತಿಸಬೇಕು, ಆಮೇಲೇ ಸಂಶೋಧನೆಗೆ ದುಡ್ಡು. ಒಳ್ಳೇ ಯೋಚನೆ. ಆದ್ರೆ ಅಲ್ಲೂ ಒಂದು ಪೇಚಿದೆ, ಹಿಂದುಳಿದ ಪ್ರದೇಶಕ್ಕೆ ದುಡ್ಡು ಹೆಚ್ಚು ಬೇಕು, ಬಳಸೋ ಶಕ್ತಿ ಅಲ್ಲೇ ಕಡಿಮೆ. ಅರ್ಜಿ ಬರೆಯೋಕೆ ಗೊತ್ತಿರೋ ಊರಿಗೇ ದುಡ್ಡು ಹೋಗುತ್ತೆ. ಇಲ್ಲಿ ಮಾಡಿದ್ರೂ ಕನ್ಸಲ್ಟೆಂಟ್ ಪಿಪಿಟಿ ಬೆಂಗಳೂರಿಂದ ಬರುತ್ತೆ ಅನ್ನೋ ಭಯ ನನಗಿದೆ.

---

ಭಟ್ಟಿ_ಮನೆಯವಳು:

ಮೇಷ್ಟ್ರು 'ಆಗಲೇ ಇರೋ ಕಸುಬು' ಅಂದಿದ್ದಕ್ಕೆ ಬರೀತಿದೀನಿ. ನಮ್ಮದು ದಾವಣಗೆರೆ ಮಂಡಕ್ಕಿ ಭಟ್ಟಿ. 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ 20 ಊರಲ್ಲಿ ದಾವಣಗೆರೆ ಬಂತಲ್ಲ, ಆ ಪ್ಲಾನಿನೊಳಗೇ ಮಂಡಕ್ಕಿ ಭಟ್ಟಿ ಏರಿಯಾ ಸುಧಾರಿಸೋದು ಅಂತ ಇತ್ತು. ನಾವೆಲ್ಲಾ ಖುಷಿ ಪಟ್ವಿ. ಹೊಗೆ ಕಮ್ಮಿ ಆಗುತ್ತೆ, ಒಂದು ಕಾಲದಲ್ಲಿ ಟೈರ್ ಹಾಕಿ ಸುಡ್ತಿದ್ರು, ಆ ಮಸಿ ಈಗ್ಲೂ ಗೋಡೆ ಮೇಲೆ ಕಾಣುತ್ತೆ.

ಭಟ್ಟಿ ಕೆಲಸ ಅಂದ್ರೆ ಹೊರಗಿನವರಿಗೆ ಬರೀ ಮಂಡಕ್ಕಿ ಹುರಿಯೋದು. ಭತ್ತ ನೆನೆಸೋದು, ಬಿಸಿ ಮಾಡೋದು, ಒಣಗಿಸೋದು, ಮಿಲ್ಲಿಗೆ ಹಾಕಿ ಅಕ್ಕಿ ತೆಗೆಯೋದು, ಉಪ್ಪು ನೀರು ಹಿಡಿಸೋದು, ಆಮೇಲೆ ಕಾದ ಮರಳಲ್ಲಿ ಹಾಕಿ ಒಂದೇ ಕ್ಷಣ ಉಬ್ಬಿಸಿ ಜರಡಿ ಹಿಡಿಯೋದು. ಅಕ್ಕಿಯಲ್ಲಿ ತೇವ ಒಂಚೂರು ಜಾಸ್ತಿ ಆದ್ರೆ ಉಬ್ಬಲ್ಲ, ಕಮ್ಮಿ ಆದ್ರೆ ಸೀಯುತ್ತೆ. ಅದು ನಮ್ಮ ಮಾವ ಅಂಗೈಯಲ್ಲಿ ಹಿಡಿದು ಹಲ್ಲಲ್ಲಿ ಕಡಿದು ಹೇಳ್ತಾರೆ. ಈ ಊರಲ್ಲಿ ಇಷ್ಟು ಇಂಜಿನಿಯರಿಂಗ್ ಕಾಲೇಜು ಇದಾವೆ, ಮೈಸೂರಲ್ಲಿ ಆಹಾರ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐ 1950ರಿಂದ ಇದೆ, ಆ ತೇವ ಅಳೆಯೋ ಒಂದು ಸಣ್ಣ ಸಾಧನ, ಹೊಟ್ಟಿನ ಉರಿ ಪೂರ್ತಿ ಉಪಯೋಗ ಆಗೋ ಒಂದು ಒಲೆ ಮಾಡಿ ಕೊಟ್ರೆ ಅದು ಇನ್ನೋವೇಶನ್ ಅಲ್ವಾ? ಇನ್ನೋವೇಶನ್ ಅಂದ್ರೆ ಬರೀ ಆ್ಯಪ್ ಅನ್ಕೊಂಡಿದಾರೆ ಎಲ್ರೂ. ನನ್ ತಮ್ಮನ ಪ್ರಾಜೆಕ್ಟ್ ಬ್ಯಾಚಿನವರು ಫೇಸ್ ರೆಕಗ್ನಿಶನ್ ಅಟೆಂಡೆನ್ಸ್ ಮಾಡಿದ್ರು, ಕಾಲೇಜಿಂದ ಭಟ್ಟಿಗೆ ಬೈಕಲ್ಲಿ ಎಷ್ಟು ಹೊತ್ತು ಹೇಳಿ.

ಸಬ್ಸಿಡಿ ಪೂರ್ತಿ ಸುಳ್ಳು ಅಂತ ಕರೂರಿನ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಬೇರೆ ಮಾತು. ಸಣ್ಣ ಆಹಾರ ಘಟಕಕ್ಕೆ ಪಿಎಂಎಫ್‌ಎಂಇ ಅಂತ ಇದೆಯಲ್ಲ, ಕೇಂದ್ರದ್ದು ಶೇಕಡಾ 35, 10 ಲಕ್ಷದವರೆಗೆ, ನಮ್ಮ ರಾಜ್ಯ ಅದರ ಮೇಲೆ ಶೇಕಡಾ 15 ಹಾಕುತ್ತೆ. ನಮ್ಮ ಸಂಬಂಧಿಕರೊಬ್ಬರು ಪ್ಯಾಕಿಂಗ್ ಮಷಿನ್ ತಗೊಂಡ್ರು, ದುಡ್ಡು ಬಂತು. ಬ್ಯಾಂಕ್ ಮ್ಯಾನೇಜರ್ ಒಳ್ಳೆಯವರಿದ್ರು ಅನ್ನೋದು ಬೇರೆ ಮಾತು.

---

ಕರೂರ್_ಫ್ಯಾಬ್ರಿಕೇಟರ್:

ತಂಗಿ, ಪೂರ್ತಿ ಸುಳ್ಳು ಅಂತ ನಾನೆಲ್ಲಿ ಅಂದೆ, ನಂಬಿ ಕೂರಬ್ಯಾಡ ಅಂದೆ. ಆ ಒಲಿ ವಿಷಯ ಇಲ್ಲಿ ಬ್ಯಾಡ, ಮೆಸೇಜ್ ಮಾಡು, ಒಂದು ಸಲ ಬಂದು ನೋಡ್ತೀನಿ. ಬ್ಲೋವರ್ ಕೂರ್ಸಿ ಏನರ ಮಾಡಬೌದು.

---

ಹರಿಹರ_ಸಿಎನ್‌ಸಿ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅನ್ಕೊಂಡಿರಲಿಲ್ಲ. ಕರೂರಿನ ಅಣ್ಣಾ, ಹಾರ್ಡನಿಂಗ್ ಮಾತು ಫ್ರೆಂಡಿಗೆ ಓದಿ ಹೇಳಿದೆ, 'ನೋಡು ನಾನ್ ಹೇಳ್ಲಿಲ್ವಾ ತುಮಕೂರೇ ಸರಿ' ಅಂತ ಕುಣಿತಿದಾನೆ. ನಂಗೆ ಇನ್ನೂ ಮನಸ್ಸು ಒಪ್ತಿಲ್ಲ. ಹೀಟ್ ಟ್ರೀಟ್‌ಮೆಂಟ್ ಬೇಡದೇ ಇರೋ ಕೆಲಸ ಅಷ್ಟೇ ಹಿಡಿದ್ರೆ ಇಲ್ಲಿ ಎರಡು ಮಷಿನ್‌ಗೆ ತುಂಬುತ್ತಾ? ಮೆಕ್ಕೆಜೋಳದ ಕಡೆ ಏನಾದ್ರೂ ಐತಾ?

---

ಕರೂರ್_ಫ್ಯಾಬ್ರಿಕೇಟರ್:

ಈಗ ಸರಿಯಾದ ಪ್ರಶ್ನೆ ಕೇಳ್ದಿ ನೋಡು.

ಮೆಕ್ಕೆಜೋಳದಾಗ ಕೆಲಸ ಐತಿ. ರಾಜ್ಯದಾಗ ಮೆಕ್ಕೆಜೋಳ ಬಾಳ ಬೆಳಿಯೋ ಜಿಲ್ಲಾದಾಗ ನಮ್ಮದೂ ಒಂದು, ಆದ್ರ ಕಾಳು ಹಂಗೇ ಲಾರಿ ಹತ್ತಿ ಹೋಗ್ತತಿ, ಕೋಳಿ ಫೀಡಿಗೆ, ಸ್ಟಾರ್ಚಿಗೆ, ಈಗ ಎಥನಾಲಿಗೆ. ಒಂದು ಟನ್ ಕಾಳಿಗೆ ಹತ್ರತ್ರ 380 ಲೀಟರ್ ಎಥನಾಲ್ ಬರ್ತತಿ ಅಂತಾರ. 2025-26ಕ್ಕ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ಅಂತ ಇತ್ತು, ಎಪಿಎಂಸಿಯಾಗ ಅಷ್ಟು ಸಿಗಲಿಲ್ಲ ಅಂತ ರೈತರು ರಸ್ತೆಗೆ ಇಳದ್ರು. ಯಾಕ ಸಿಗಲ್ಲ ಅಂದ್ರ ಒಂದು ಕಾರಣ ತೇವ, ಮಳಿಗಾಲ ಮುಗಿಯೋ ಹೊತ್ತಿಗೆ ಕಟಾವು ಮಾಡಿ ರೋಡ್ ಮ್ಯಾಲೆ ಒಣಗಸ್ತಾರ, ಒಣಗಲ್ಲ, ದಲ್ಲಾಳಿ ತೇವ ಐತಿ ಅಂತ ಕಡದು ತಗೋತಾನ. ಡ್ರೈಯರ್ ಬೇಕು. ದೊಡ್ಡ ಡ್ರೈಯರ್ ಹೊರಗಿಂದ ಬರ್ತಾವು, ರಿಪೇರಿಗೆ ಜನ ಸಿಗಲ್ಲ, ಸೀಸನ್‌ನಾಗ ಒಂದು ಬೇರಿಂಗ್ ಹೌಸಿಂಗ್ ಹೋತು ಅಂದ್ರ ಲಾರಿ ಸಾಲು ನಿಲ್ತಾವು. ಆ ಹೌಸಿಂಗು, ಬುಷ್ಷು, ಪುಲ್ಲಿ, ಸ್ಪ್ರಾಕೆಟ್ಟು, ಇವು ಅದೇ ದಿವಸ ಮಾಡಿ ಕೊಡೋನು ಇಲ್ಲಿ ಗೆಲ್ತಾನ, ಪೀಣ್ಯದವನು ಬಸ್ಸಿಗೆ ಹಾಕಿ ಕಳಸೋ ಹೊತ್ತಿಗೆ ನಿಂದು ಫಿಟ್ ಆಗಿರ್ತತಿ. ರೈಸ್ ಮಿಲ್ಲೂ ಹಂಗೇ. ಅಡಿಕಿ ಸುಲಿಯೋ ಮಷಿನ್ ಚನ್ನಗಿರಿ ಕಡೆ ಬಾಳ ಅದಾವು, ಅವುಕ್ಕೂ ಪಾರ್ಟ್ ಬೇಕು.

ಆದ್ರ ಇದು ಸೀಸನ್ ಕೆಲಸ, ಉಳದ ತಿಂಗಳಿಗೆ ಒಂದು ಖಾಯಂ ಜಾಬ್ ವರ್ಕ್ ಬೇಕೇ ಬೇಕು. ಅದಕ್ಕ ನೀನು ಈಗ ಇರೋ ಪೀಣ್ಯದ ಮಾಲೀಕರ ಹತ್ರಾನೇ ಮಾತಾಡು, ಅವರಿಗೆ ಓವರ್‌ಲೋಡ್ ಇದ್ದಾಗ ಒಂದೆರಡು ಐಟಮ್ ನಿನಗ ಬಿಡ್ತಾರೇನೋ. ಸಿಟ್ಟು ಮಾಡ್ಕೊಂಡು ಕೆಲಸ ಬಿಡಬ್ಯಾಡ ಮತ್ತ. ಇನ್ನೊಂದು, ಹರಿಹರದಾಗ ಜಿಟಿಟಿಸಿ (ಸರ್ಕಾರದ ಟೂಲ್ ರೂಮ್, ಟ್ರೇನಿಂಗ್ ಸೆಂಟರ್) ಐತಿ, ಅಲ್ಲಿ ಏನೇನು ಮಷಿನ್ ಹೊರಗಿನವರ ಕೆಲಸಕ್ಕ ಕೊಡ್ತಾರ, ಮೆಷರಿಂಗ್ ಏನೇನು ಮಾಡ್ತಾರ ಅಂತ ಹೋಗಿ ಕೇಳು. ಟ್ರೇನಿಂಗ್ ಮುಗಿಸಿದ ಹುಡುಗ್ರೂ ಅಲ್ಲೇ ಸಿಗ್ತಾರ.

ಪ್ಲಾಟ್ ಮಾತ್ರ ಈಗಲೇ ತಗೋಬ್ಯಾಡ. ಬಾಡಿಗಿ ಶೆಡ್ಡು, ಮೊದಲು ಒಂದೇ ಮಷಿನ್, ಟರ್ನಿಂಗ್ ಸೆಂಟರ್. ವಿಎಂಸಿ ಒಂದು ಸೀಸನ್ ಆದ ಮ್ಯಾಲೆ ನೋಡಣ. ಮತ್ತ ಸೆಕೆಂಡ್ಸ್ ತಗೊಳ್ಳೋ ಮುಂದ ಸ್ಪಿಂಡಲ್ ರನ್‌ಔಟ್ (ತಿರುಗೋ ಮುಂದ ಎಷ್ಟು ಓಲಾಡ್ತತಿ ಅನ್ನೋದು) ಡಯಲ್ ಇಟ್ಟು ನೋಡದ ದುಡ್ಡು ಕೊಡಬ್ಯಾಡ, ಕರದ್ರ ನಾನೂ ಬರ್ತೀನಿ.